ಪರಾಸ್ಕಳಿಗೆ ಚಳಿಯಾದ ದಿನ

"ಸುಮ್ಮನಿದ್ದವನನ್ನು ಕ್ಷಮಿಸಬಹುದೇ, ಗುರುಗಳೇ?" ಎಂದು ಲೇಬ್ ಕೇಳಿದ.

ಲೇಬ್ ಉಕ್ರೇನಿನ ಒಂದು ಸಣ್ಣ ಊರಿನ ಯಹೂದಿ. ಪುಸ್ತಕಗಳಿಗೆ ರಟ್ಟು ಕಟ್ಟಿ ಬದುಕುವವನು. ಎರಡು ವರ್ಷದ ಹಿಂದೆ ಯಹೂದಿಗಳ ಬೀದಿಗೆ ನುಗ್ಗಿದ ಗುಂಪು ಅವನ ಅಣ್ಣನನ್ನು ಕೊಂದಿತ್ತು. ಎದುರು ಮನೆಯ ಗಾಡಿ ಮಾಡುವ ಕ್ರೈಸ್ತನು ಆ ಗುಂಪಿನಲ್ಲಿ ಇರಲಿಲ್ಲ. ಬಾಗಿಲು ಹಾಕಿಕೊಂಡು ಒಳಗಿದ್ದ, ಅಷ್ಟೇ. ಈಗ ಪ್ರಾಯಶ್ಚಿತ್ತದ ದಿನ ಹತ್ತಿರ ಬಂದಿತ್ತು. ಆ ದಿನಕ್ಕೆ ಮೊದಲು ಒಬ್ಬರ ಮನೆಗೆ ಒಬ್ಬರು ಹೋಗಿ ತಪ್ಪು ಒಪ್ಪಿಕೊಳ್ಳುವುದು ಯಹೂದಿಗಳ ಪದ್ಧತಿ. ಅದನ್ನು ಚಿಕ್ಕಂದಿನಿಂದ ನೋಡಿದ್ದ ಗಾಡಿಯವನೂ ಆ ಬೆಳಗ್ಗೆ ಲೇಬನ ಬಾಗಿಲಿಗೆ ಬಂದು ಟೊಪ್ಪಿ ತೆಗೆದು ನಿಂತಿದ್ದ.

"ನೀನು ಏನೆಂದೆ?" ಎಂದು ರಬ್ಬಿ ನೋಖಮ್ ಕೇಳಿದರು.

"ನಾಳೆ ಬಾ ಎಂದೆ."

ರಬ್ಬಿ ನೋಖಮ್ ಆ ಊರಿನ ಯಹೂದಿಗಳ ಗುರು. ಹೌದು ಅಥವಾ ಇಲ್ಲ ಎಂದು ಒಂದು ಪ್ರಶ್ನೆಗೂ ಅವರು ಉತ್ತರ ಕೊಟ್ಟವರಲ್ಲ. ಮೀನು ತಿನ್ನಬಹುದೇ ಎಂದು ಕೇಳಿದರೂ ಅರ್ಧ ಗಂಟೆ ಬೇಕು ಎಂದು ಅವರ ಹೆಂಡತಿಯೇ ನಗುತ್ತಿದ್ದಳು. ಲೇಬನಿಗೆ ಕೂರಲು ಹೇಳಿ ಅವರು ಕತೆ ತೆಗೆದರು.

ಒಂದೂರಿನಲ್ಲಿ ಹಿರ್ಷ್ ಎಂಬ ಟೊಪ್ಪಿ ಹೊಲಿಯುವವನಿದ್ದ. ಗಿತ್ಲ ಅವನ ಹೆಂಡತಿ. ಮಕ್ಕಳಿರಲಿಲ್ಲ. ಊರಿನ ಗಂಡಸರೆಲ್ಲರ ತಲೆಯ ಅಳತೆ ಹಿರ್ಷನಿಗೆ ಬಾಯಿಪಾಠವಾಗಿತ್ತು. ಊರಿನ ಹೆಂಗಸರೆಲ್ಲರ ಕಾಯಿಲೆಗಳು ಗಿತ್ಲಳಿಗೆ ಬಾಯಿಪಾಠವಾಗಿದ್ದವು. ಯಾರಾದರೂ ಒಮ್ಮೆ ಸೀನಿದರೆ ಸಾಕು, ಕಷಾಯಕ್ಕೆ ನೀರಿಡುವ ಹೆಂಗಸು ಅವಳು. ಬೇಡ ಎಂದರೂ ಬಿಡುತ್ತಿರಲಿಲ್ಲ.

ಅವರ ಓಣಿಯ ತುದಿಯಲ್ಲಿ ಪರಾಸ್ಕ ಎಂಬ ವಿಧವೆ ಇದ್ದಳು. ಕ್ರೈಸ್ತಳು. ಹುಲ್ಲಿನ ಮನೆ, ಒಂದು ಹಸು, ಪಕ್ಕದಲ್ಲಿ ಒಂದು ಕೊಟ್ಟಿಗೆ. ಶುಕ್ರವಾರ ಮಧ್ಯಾಹ್ನ ಅವಳು ಗಿತ್ಲಳ ಮನೆಯ ನೆಲ ಒರೆಸುತ್ತಿದ್ದಳು. ಚಳಿಗಾಲದಲ್ಲಿ ಶನಿವಾರ ಬೆಳಗ್ಗೆಯೂ ಬರುತ್ತಿದ್ದಳು.

ಶನಿವಾರ ನಮಗೆ ಸಬ್ಬತ್. ಅಂದು ಬೆಂಕಿ ಹಚ್ಚುವಂತಿಲ್ಲ. ಹಚ್ಚು ಎಂದು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಹಾಗೆಂದು ಹೆಪ್ಪುಗಟ್ಟಿ ಸಾಯಲಾಗುತ್ತದೆಯೇ? ಪರಾಸ್ಕ ಬಾಗಿಲಲ್ಲಿ ಕಂಡೊಡನೆ ಗಿತ್ಲ ಗೋಡೆಯ ಕಡೆ ತಿರುಗಿ, "ಮನೆಯಲ್ಲಿ ಚಳಿ" ಎನ್ನುತ್ತಿದ್ದಳು. ಗೋಡೆಗೆ ಹೇಳಿದ್ದು. ಪರಾಸ್ಕ ಕೇಳಿಸಿಕೊಂಡಳು, ಅದರಲ್ಲಿ ಗಿತ್ಲಳ ತಪ್ಪೇನಿದೆ? ಪರಾಸ್ಕ ಒಲೆ ಹಚ್ಚುತ್ತಿದ್ದಳು. ನಿಯಮವೂ ಉಳಿಯುತ್ತಿತ್ತು, ಮನೆಯೂ ಬೆಚ್ಚಗಾಗುತ್ತಿತ್ತು. ಆಮೇಲೆ ಇಬ್ಬರೂ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಇಪ್ಪತ್ತೆರಡು ಚಳಿಗಾಲ ಹೀಗೇ ನಡೆಯಿತು.

ಒಂದು ಬೇಸಗೆಯಲ್ಲಿ ಆ ಊರಿನಲ್ಲಿ ಭೇದಿ ಹರಡಿತು. ಮಕ್ಕಳು ಸತ್ತರು. ಕುದುರೆಯೇರಿ ಬಂದ ಹೊರಗಿನವನೊಬ್ಬ, ಬಾವಿಗೆ ಯಹೂದಿಗಳು ವಿಷ ಹಾಕಿದ್ದಾರೆ ಎಂದ. ಅದೇ ಬಾವಿಯ ನೀರನ್ನು ಗಿತ್ಲಳೂ ಸೇದುತ್ತಿದ್ದಳು. ಯಹೂದಿಗಳ ಬೀದಿಯಲ್ಲೂ ನಾಲ್ಕು ಮಕ್ಕಳು ಸತ್ತಿದ್ದವು. ಇದೆಲ್ಲ ಊರಿಗೆ ಗೊತ್ತಿತ್ತು. ಆದರೆ ಮಗುವನ್ನು ಮಣ್ಣು ಮಾಡಿ ಬಂದವನಿಗೆ ಬೈಯಲು ಯಾರಾದರೂ ಬೇಕು, ಆ ಹೊರಗಿನವನು ಆ ಯಾರನ್ನೋ ಬೆರಳು ಮಾಡಿ ತೋರಿಸಿದ್ದ.

ಗುರುವಾರ ಊರಿನವರನ್ನೆಲ್ಲ ಚರ್ಚಿನ ಅಂಗಳಕ್ಕೆ ಕರೆದರು. ಶನಿವಾರ ಬೆಳಗ್ಗೆ ಯಹೂದಿಗಳು ಪ್ರಾರ್ಥನೆಗೆ ಸೇರಿದಾಗ ನುಗ್ಗುವುದೆಂದು ತೀರ್ಮಾನವಾಯಿತು. ಒಬ್ಬೊಬ್ಬರೂ ಶಿಲುಬೆಗೆ ಮುತ್ತಿಟ್ಟು, ಈ ಮಾತನ್ನು ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಬೇಕಾಯಿತು. ಹೇಳಿದವರ ಮನೆಯನ್ನೂ ಸುಡುತ್ತೇವೆ ಎಂದ ಕುದುರೆಯವನು. ಪರಾಸ್ಕ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಬಾವಿಯ ಮಾತು ಸುಳ್ಳೆಂದು ಅವಳಿಗೆ ಗೊತ್ತಿತ್ತು. ತನ್ನ ಸರದಿ ಬಂದಾಗ ಅವಳೂ ಮುತ್ತಿಟ್ಟಳು.

ಶುಕ್ರವಾರ ಎಂದಿನಂತೆ ಕೆಲಸಕ್ಕೆ ಹೋದಳು. ಸುಡುಬಿಸಿಲು. ಸಬ್ಬತ್ತಿನ ಅಡುಗೆಗೆಂದು ಗಿತ್ಲ ಒಲೆ ಉರಿಸಿದ್ದಳು, ಮನೆ ಕಾದು ಹೋಗಿತ್ತು. ಪರಾಸ್ಕ ನೆಲ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಹೇಳಬೇಕು ಎಂದುಕೊಂಡಾಗಲೆಲ್ಲ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದುತ್ತಿದ್ದಳು. ತಡೆದದ್ದು ಶಿಲುಬೆಯೋ, ತನ್ನ ಹುಲ್ಲಿನ ಮನೆಯೋ ಅವಳಿಗೇ ಬಗೆಹರಿಯಲಿಲ್ಲ. ಕೊನೆಗೆ ಒಂದು ದಾರಿ ಹೊಳೆಯಿತು. ಹೇಳದೆ ಹೇಳುವುದನ್ನು ಈ ಮನೆಯಲ್ಲೇ ಕಲಿತಿದ್ದೇನಲ್ಲ ಎಂದುಕೊಂಡಳು. ಎದ್ದು ನಿಂತು ಗೋಡೆಯ ಕಡೆ ತಿರುಗಿದಳು.

"ಮನೆಯಲ್ಲಿ ಚಳಿ" ಎಂದಳು.

ಹಿರ್ಷ್ ಹೊಲಿಗೆ ನಿಲ್ಲಿಸಿ ತಲೆಯೆತ್ತಿದ. ಅವನ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು.

"ಚಳಿ" ಎಂದು ಪರಾಸ್ಕ ಇನ್ನೊಮ್ಮೆ ಹೇಳಿದಳು. "ಈ ಮನೆಯಲ್ಲಿ ಬಹಳ ಚಳಿ. ನನ್ನ ಕೊಟ್ಟಿಗೆ ಬೆಚ್ಚಗಿದೆ. ಹೊಸ ಹುಲ್ಲು ಹಾಕಿದ್ದೇನೆ. ಇಬ್ಬರು ಮಲಗುವಷ್ಟು ಜಾಗ ಇದೆ."

ಗಿತ್ಲ ಸೌಟು ಕೆಳಗಿಟ್ಟು ಓಡಿ ಬಂದು ಪರಾಸ್ಕಳ ಹಣೆ ಮುಟ್ಟಿ ನೋಡಿದಳು. ಆ ಬೇಸಗೆಯಲ್ಲಿ ಭೇದಿ ಬಂದವರಿಗೆಲ್ಲ ಮೊದಲು ಹೀಗೇ ಚಳಿ ಹಿಡಿಯುತ್ತಿತ್ತು. "ಅಯ್ಯೋ, ಇವಳಿಗೂ ಬಂತು ಕಣ್ರೀ" ಎಂದು ಗಂಡನಿಗೆ ಹೇಳಿದಳು. ಬೇಡ ಎಂದರೂ ಕಷಾಯ ಕುಡಿಸಿದಳು. ಪೆಟ್ಟಿಗೆಯಿಂದ ತನ್ನ ಉಣ್ಣೆಯ ಶಾಲು ತೆಗೆದು ಹೊದಿಸಿದಳು. "ನಾಳೆ ಹಾಸಿಗೆ ಬಿಟ್ಟು ಏಳಬೇಡ. ಹಸುವಿನ ಯೋಚನೆಯೂ ಬೇಡ" ಎಂದು ಗದರಿ ಕಳಿಸಿದಳು.

ಬೆಂಕಿಯಂಥ ಬಿಸಿಲಿನಲ್ಲಿ ಉಣ್ಣೆಯ ಶಾಲು ಹೊದ್ದು ಪರಾಸ್ಕ ಮನೆಗೆ ನಡೆದಳು. ಅರ್ಧ ದಾರಿಯಲ್ಲಿ ನಿಂತಳು. ವಾಪಸು ಹೋಗಿ ಬಿಡಿಸಿ ಹೇಳಲೇ ಎಂದು ಯೋಚಿಸಿದಳು. ಅಷ್ಟರಲ್ಲಿ ಅವಳ ಮನಸ್ಸಿನಲ್ಲಿ ಏನೋ ಹಗುರಾಯಿತು. ಹೇಳಿದ್ದೇನಲ್ಲ, ಎರಡೆರಡು ಸಲ ಹೇಳಿದ್ದೇನೆ, ಅವರಿಗೆ ತಿಳಿಯದಿದ್ದರೆ ನಾನೇನು ಮಾಡಲಿ ಎನ್ನಿಸಿತು. ಆಣೆಯೂ ಮುರಿದಿಲ್ಲ, ಋಣವೂ ಉಳಿದಿಲ್ಲ ಎಂದು ಸಮಾಧಾನ ಮಾಡಿಕೊಂಡಳು. ಲೇಬ್, ಆ ಸಮಾಧಾನ ಬಲು ರುಚಿಯಾದದ್ದು. ನಾನೂ ತಿಂದಿದ್ದೇನೆ, ನೀನೂ ತಿಂದಿರುತ್ತೀಯ.

ಶನಿವಾರ ಬೆಳಗ್ಗೆ ಹಿರ್ಷ್ ಪ್ರಾರ್ಥನಾ ಮಂದಿರಕ್ಕೆ ಹೋದ. ಗುಂಪು ಬಂದಾಗ ಒಳಗಿದ್ದ ಗಂಡಸರು ಬಾಗಿಲಿಗೆ ಬೆಂಚು ಒಡ್ಡಿ ಬೆನ್ನು ಕೊಟ್ಟು ನಿಂತರು. ಓಕ್ ಮರದ ದಪ್ಪ ಬಾಗಿಲು, ಮುರಿಯಲಿಲ್ಲ. ಸಿಟ್ಟಿಗೆದ್ದ ಗುಂಪು ಮನೆಗಳ ಕಡೆ ತಿರುಗಿತು.

ಗಿತ್ಲ ಮನೆಯಲ್ಲಿದ್ದಿದ್ದರೆ ಕೂಗು ಕೇಳಿ ನೆಲಮಾಳಿಗೆಗೆ ಇಳಿಯುತ್ತಿದ್ದಳೇನೋ. ಅವಳು ಮನೆಯಲ್ಲಿರಲಿಲ್ಲ. ಹಿಂದಿನ ದಿನವೇ ಒಲೆಯಲ್ಲಿಟ್ಟು ಬಿಸಿ ಆರದಂತೆ ಕಾಪಾಡಿದ ಗಂಜಿಯನ್ನು ಗಡಿಗೆಗೆ ಹಾಕಿಕೊಂಡು ಪರಾಸ್ಕಳ ಮನೆಗೆ ಹೊರಟಿದ್ದಳು. ಸಬ್ಬತ್ತಿನ ದಿನ ಪಾತ್ರೆ ಹೊತ್ತು ಬೀದಿಗೆ ಇಳಿಯಬಾರದು. ಗಿತ್ಲ ಜೀವಮಾನದಲ್ಲಿ ಒಮ್ಮೆಯೂ ಇಳಿದವಳಲ್ಲ. ಆದರೆ ಒಂದು ಜೀವ ಹೋಗುವ ಹಾಗಿದ್ದರೆ ಸಬ್ಬತ್ತನ್ನು ಮುರಿಯಬೇಕು ಎಂಬುದೂ ನಮ್ಮ ನಿಯಮವೇ. ಅದು ಕ್ರೈಸ್ತರ ಜೀವಕ್ಕೂ ಸಲ್ಲುತ್ತದೆಯೇ ಎಂದು ಗಿತ್ಲ ಯಾವ ರಬ್ಬಿಯನ್ನೂ ಕೇಳಲಿಲ್ಲ. ಕೇಳಿದ್ದರೆ ನಮ್ಮಲ್ಲಿ ಕೆಲವರು ಮಧ್ಯಾಹ್ನದವರೆಗೆ ಗಡ್ಡ ನೀವುತ್ತಿದ್ದರು.

ಪರಾಸ್ಕ ಕಿಟಕಿಯಿಂದ ನೋಡಿದಳು. ಗಿತ್ಲ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ ನಿಧಾನವಾಗಿ ಬರುತ್ತಿದ್ದಳು. ಓಣಿಯ ಆ ತಿರುವಿನಲ್ಲಿ ಗುಂಪು ಕಾಣಿಸಿತು. ಪರಾಸ್ಕಳಿಗೆ ಮುಖಗಳಿಗಿಂತ ಮೊದಲು ಟೊಪ್ಪಿಗಳ ಗುರುತು ಸಿಕ್ಕಿತು. ಅರ್ಧಕ್ಕೆ ಅರ್ಧ ಹಿರ್ಷ್ ಹೊಲಿದವು. ಗಿತ್ಲ ಇನ್ನೂ ತಿರುಗಿ ನೋಡಿರಲಿಲ್ಲ. ಅವಳ ಗಮನವೆಲ್ಲ ಗಡಿಗೆಯ ಮೇಲಿತ್ತು.

ಪರಾಸ್ಕ ಬಾಗಿಲಿಗೆ ಓಡಿ ಚಿಲಕದ ಮೇಲೆ ಕೈಯಿಟ್ಟಳು. ಬಾಗಿಲು ತೆಗೆದು ಗಿತ್ಲ ಎಂದು ಕೂಗಿದರೆ ಸಾಕಿತ್ತು. ಇಪ್ಪತ್ತು ಹೆಜ್ಜೆಯ ದೂರ. ಗುಟ್ಟು ಬೀದಿಗೆ ಬಿದ್ದಾಗಿತ್ತು, ಕಾಯಲು ಯಾವ ಆಣೆಯೂ ಉಳಿದಿರಲಿಲ್ಲ. ಕೈ ಚಿಲಕದ ಮೇಲೆಯೇ ಇತ್ತು. ಹೊರಗೆ ಗಡಿಗೆ ಒಡೆದ ಸದ್ದು ಕೇಳಿದ ಮೇಲೂ ಅಲ್ಲಿಯೇ ಇತ್ತು.

ಹಿರ್ಷ್ ಏಳು ದಿನ ನೆಲದ ಮೇಲೆ ಕೂತು ಹೆಂಡತಿಯ ಸೂತಕ ಮಾಡಿದ. ಅವಳು ಓಣಿಯ ಆ ತುದಿಗೆ ಏಕೆ ಹೋದಳೆಂದು ಅವನಿಗೆ ಗೊತ್ತಿತ್ತು. ಕಾಯಿಲೆ ಬಿದ್ದ ಪರಾಸ್ಕ ಬದುಕಿದಳೋ ಇಲ್ಲವೋ ಎಂದು ಸೂತಕಕ್ಕೆ ಬಂದವರನ್ನು ಒಂದೆರಡು ಸಲ ವಿಚಾರಿಸಿದ್ದ. ಒಂಬತ್ತನೆಯ ದಿನ ಪರಾಸ್ಕಳೇ ಶಾಲನ್ನು ಒಗೆದು ಮಡಿಸಿ ತಂದಳು. ಹೊಸ್ತಿಲ ಹೊರಗೆ ನಿಂತಳು.

"ಜ್ವರ ಇಳಿಯಿತೇ?" ಎಂದು ಹಿರ್ಷ್ ಕೇಳಿದ.

ಅವನು ಬೈದಿದ್ದರೆ ಪರಾಸ್ಕ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಜ್ವರ ಇರಲಿಲ್ಲ, ಯಜಮಾನರೇ. ನನಗೆ ಗುರುವಾರವೇ ಗೊತ್ತಿತ್ತು. ಹೇಳುವುದಿಲ್ಲ ಎಂದು ಆಣೆ ಮಾಡಿಸಿದ್ದರು. ಅದಕ್ಕೇ ಚಳಿ ಎಂದೆ. ನೀವು ನನಗೆ ಹೇಳುತ್ತಿದ್ದ ಹಾಗೆಯೇ ಹೇಳಿದೆ."

ಹಿರ್ಷ್ ಶಾಲನ್ನು ತೊಡೆಯ ಮೇಲಿಟ್ಟುಕೊಂಡ. "ನಾವು ಹಾಗೆ ಹೇಳುತ್ತಿದ್ದುದು ಬರೀ ಒಲೆಯ ವಿಷಯಕ್ಕೆ, ಪರಾಸ್ಕ" ಎಂದ. "ಮನೆಗೇ ಬೆಂಕಿ ಬಿದ್ದಿದ್ದರೆ ಸಬ್ಬತ್ತಾದರೂ ಬೀದಿಗೆ ಬಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆವು."

ಅವಳು ಅಷ್ಟಕ್ಕೇ ಎದ್ದು ಹೋಗಬಹುದಿತ್ತು. ಕಿಟಕಿಯ ಮಾತು ಯಾರಿಗೂ ತಿಳಿದಿರಲಿಲ್ಲ. ಅವಳು ಅದನ್ನೂ ಹೇಳಿದಳು. ಚಿಲಕವನ್ನೂ ಹೇಳಿದಳು, ಇಪ್ಪತ್ತು ಹೆಜ್ಜೆಯನ್ನೂ ಹೇಳಿದಳು. ಈ ಸಲ ಗೋಡೆಗೆ ಹೇಳಲಿಲ್ಲ, ಅವನ ಮುಖ ನೋಡಿ ಹೇಳಿದಳು. ಕೊನೆಗೆ ಕ್ಷಮಿಸಿ ಎಂದು ಕೈ ಜೋಡಿಸಿದಳು. ಹಿರ್ಷ್ ಎದ್ದು ಒಳಕೋಣೆಗೆ ಹೋದ. ಹೊರಗೆ ಬರಲಿಲ್ಲ. ಕತ್ತಲಾಗುವವರೆಗೆ ಕಾದು ಅವಳು ಮನೆಗೆ ಹೋದಳು.

ಚಳಿಗಾಲ ಬಂತು. ಟೊಪ್ಪಿ ಬೇಕೆಂದು ಜನ ಮತ್ತೆ ಹಿರ್ಷನ ಬಳಿಗೆ ಬಂದರು. ಹೊಟ್ಟೆಪಾಡು, ಅವನು ಹೊಲಿದುಕೊಟ್ಟ. ಆದರೆ ಅಂದಿನಿಂದ ಯಾರ ತಲೆಯನ್ನೂ ಮುಟ್ಟಲಿಲ್ಲ. ಅಳತೆಯ ದಾರವನ್ನು ಅವರ ಕೈಗೇ ಕೊಡುತ್ತಿದ್ದ.

ಹಿಮ ಬಿದ್ದ ಮೊದಲ ಶನಿವಾರ ಪರಾಸ್ಕ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಹಿರ್ಷ್ ಕೋಟು ಹಾಕಿಕೊಂಡು ನಡುಗುತ್ತ ಕೂತಿದ್ದ. ಅವಳು ಕಾದಳು. ಅವನು ಗೋಡೆಯ ಕಡೆ ತಿರುಗಲಿಲ್ಲ. ಹೋಗು ಎಂದೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಒಳಗೆ ಬಂದು, ಒಲೆ ಹಚ್ಚಿ, ಬಂದ ಹಾಗೆಯೇ ಹೋದಳು. ಮುಂದಿನ ಶನಿವಾರವೂ ಬಂದಳು. ಹೀಗೆ ಹನ್ನೊಂದು ಚಳಿಗಾಲ ಬಂದಳು. ಅವಳು ಸತ್ತಾಗ ಯಹೂದಿಗಳ ಬೀದಿಯಿಂದ ಹಿರ್ಷ್ ಒಬ್ಬನೇ ಅವಳ ಶವದ ಹಿಂದೆ ಚರ್ಚಿನ ಗೇಟಿನವರೆಗೆ ನಡೆದು ಹೋದ.

ರಬ್ಬಿ ಕತೆ ನಿಲ್ಲಿಸಿದರು. ಲೇಬನ ಮುಖ ತಿಳಿಯಾಗಿತ್ತು. ಎರಡು ವರ್ಷದಿಂದ ಎದುರು ಮನೆಯ ಬಾಗಿಲನ್ನು ನೋಡಿ ನೋಡಿ ಅವನಿಗೂ ಸಾಕಾಗಿತ್ತು. ನಾಳೆ ಹೇಳಬೇಕಾದ ಮಾತು ಸಿಕ್ಕಿತು ಎಂದುಕೊಂಡು ಎದ್ದು ನಿಂತ.

"ಶವದ ಹಿಂದೆಯೂ ಹೋದನಲ್ಲ ಗುರುಗಳೇ. ಹಾಗಾದರೆ ಅವಳನ್ನು ಕ್ಷಮಿಸಿದ ಎಂದಾಯಿತು" ಎಂದ.

"ಅದನ್ನು ಗಿತ್ಲಳನ್ನು ಕೇಳಬೇಕು" ಎಂದರು ರಬ್ಬಿ.