ಮೂರನೇ ಹಾಸಿಗೆಯ ತಿಪ್ಪಣ್ಣ

ತುಂಗಭದ್ರೆಯ ದಂಡೆಯ ಮೇಲೆ ಒಂದು ಆರೈಕೆ ಮನೆ ಇತ್ತು. ವಾಸಿಯಾಗದ ಕಾಯಿಲೆಯವರು ತಮ್ಮ ಕೊನೆಯ ದಿನಗಳನ್ನು ಅಲ್ಲಿ ಕಳೆಯುತ್ತಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಸರ್ವಮಂಗಳಾ.

ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಪ್ರತಿ ವರ್ಷ ಎರಡು ವಾರ ಅವರ ಬಳಿ ಕಲಿಯಲು ಬರುತ್ತಿದ್ದರು. ಆ ವರ್ಷ ಬಂದವರು ಇಬ್ಬರು, ಇಂದುಧರ ಮತ್ತು ಶಾಹಿನಾ.

ಇಂದುಧರ ತರಗತಿಗೇ ಮೊದಲಿಗ. ಶಾಹಿನಾ ಹೇಗೋ ಪಾಸಾಗುತ್ತಿದ್ದವಳು.

ಮೂರನೇ ಹಾಸಿಗೆಯಲ್ಲಿ ತಿಪ್ಪಣ್ಣನೆಂಬ ಮುದುಕನಿದ್ದ. ಮೊದಲು ಲಾರಿ ಓಡಿಸುತ್ತಿದ್ದವನು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದು ಈಗ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ.

ಇಂದುಧರ ಪುಸ್ತಕಗಳನ್ನು ಹುಡುಕಿ, ಲೆಕ್ಕ ಹಾಕಿ, ಮೇಡಂ ಒಪ್ಪಿಗೆ ಪಡೆದು ಮಾರ್ಫಿನ್ ಪ್ರಮಾಣ ಸರಿಪಡಿಸಿದ. ನೋವು ಇಳಿಯಿತು. ತಿಪ್ಪಣ್ಣ ಎಷ್ಟೋ ದಿನದ ಮೇಲೆ ಒಂದು ಬಟ್ಟಲು ಗಂಜಿ ಕುಡಿದ.

ಕುಡಿದು ಬಾಯಿ ಒರೆಸಿಕೊಂಡು ಕೇಳಿದ, "ಆ ಹುಡುಗಿ ಬರ್ಲಿಲ್ಲೇನು?"

ದಿನವೂ ಇದೇ ಮಾತು. ಇಂದುಧರನ ಮೈ ಉರಿಯಿತು.

"ಮೇಡಂ, ನೋವು ಇಳಿಸಿದ್ದು ನಾನು."

"ಹೌದು."

"ಶಾಹಿನಾ ಏನೂ ಮಾಡೋದಿಲ್ಲ. ಪಕ್ಕದಲ್ಲಿ ಕೂತು ಘಾಟಿ ರಸ್ತೆಯ ಕಥೆ ಕೇಳ್ತಾಳೆ."

"ಯಾವ ಘಾಟಿ?"

ಇಂದುಧರನಿಗೆ ಗೊತ್ತಿರಲಿಲ್ಲ.

ಸುತ್ತಲ ಹಳ್ಳಿಗಳ ರೋಗಿಗಳನ್ನು ಮನೆಗೇ ಹೋಗಿ ನೋಡಲು ಯಾರು ಹೋಗಬೇಕೆಂದು ಪಟ್ಟಿ ಬರೆಯುವ ಕೆಲಸ ಅವನದು. ಮರುದಿನ ಶಾಹಿನಾಳ ಹೆಸರು ಬರೆದ. ಅದರ ಮರುದಿನವೂ ಅವಳದೇ. ಮೂರನೇ ದಿನವೂ.

"ಅವಳಿಗೆ ನಿಮ್ಮ ನೆನಪೇ ಇಲ್ಲ ಅನ್ಸುತ್ತೆ, ಅಜ್ಜ," ಎಂದ.

ತಿಪ್ಪಣ್ಣ ಗಂಜಿ ಬಟ್ಟಲನ್ನು ದೂರ ಸರಿಸಿದ. ಸಂಜೆಗೆ ನರಳಾಟ ಶುರುವಾಯಿತು.

ಇಂದುಧರ ಮೇಡಂ ಬಳಿ ಓಡಿದ. "ಔಷಧಿ ಅದೇ, ಪ್ರಮಾಣ ಅದೇ. ನೋವು ಯಾಕೆ ತಿರುಗಿ ಬಂತು?"

ಸರ್ವಮಂಗಳಾ ಗೋಡೆಯ ಮೇಲಿದ್ದ ಪಟ್ಟಿಯನ್ನು ಕಿತ್ತು ಅವನ ಕೈಗಿಟ್ಟರು.

"ಇದನ್ನ ತಿಪ್ಪಣ್ಣನವರ ಮುಂದೆ ಓದು."

ಅವನು ಹೋಗಿ ಓದಿದ. ಮೂರು ದಿನ, ಒಂದೇ ಹೆಸರು.

"ಅವಳು ಮರೆತಿಲ್ಲ, ಅಜ್ಜ. ದೂರ ಕಳಿಸಿದ್ದು ನಾನು. ಹೊಟ್ಟೆಕಿಚ್ಚಿಗೆ."

ತಿಪ್ಪಣ್ಣ ಅವನ ಕಡೆ ಮುಖ ತಿರುಗಿಸಿದ.

"ಬೆಳಿಗ್ಗೆ ನೀವು ಮೆಟ್ಟಿಲು ಎರಡೆರಡು ಹಾರಿ ಬರ್ತೀರಲ್ಲ ಡಾಕ್ಟ್ರೇ," ಎಂದ. "ಆ ಸದ್ದು ಕೇಳಿದ್ರೆ ನನಗೂ ಹಂಗೇ ಹೊಟ್ಟೆಕಿಚ್ಚು ಆಗ್ತದ. ಅದಕ್ಕೇ ನಿಮ್ಮ ಮುಖ ನೋಡ್ತಿರ್ಲಿಲ್ಲ."

ಇಂದುಧರ ತಲೆ ತಗ್ಗಿಸಿದ. "ತಪ್ಪಾಯ್ತು, ಅಜ್ಜ."

"ಅದು ಆಮೇಲೆ. ಮೊದ್ಲು ಆ ಹುಡುಗೀನ ಕರ್ಕೊಂಡು ಬರ್ರಿ."

ಅವನು ಬೈಕು ಹತ್ತಿದ. ಎಂಟು ಮೈಲಿ ಆಚೆಯ ಹಳ್ಳಿಯಲ್ಲಿ ಶಾಹಿನಾಳನ್ನು ಹುಡುಕಿದ. ನಡೆದದ್ದನ್ನು ದಾರಿಯಲ್ಲೇ ಹೇಳಿದ.

ಅವರು ಬರುವ ಹೊತ್ತಿಗೆ ತಿಪ್ಪಣ್ಣನ ಉಸಿರು ಬದಲಾಗಿತ್ತು. ಶಾಹಿನಾ ಓಡಿಹೋಗಿ ಹಾಸಿಗೆಯ ಬದಿಗೆ ಕೂತಳು. ಅವನು ಕಣ್ಣು ತೆರೆದ. ಅವಳನ್ನು ಕಂಡು ಆ ಮುಖ ಅರಳಿತು.

ಇಂದುಧರ ಬಾಗಿಲಲ್ಲೇ ನಿಂತುಬಿಟ್ಟ.

"ಯಾಕೆ ಇಲ್ಲೇ ನಿಂತೆ?" ಸರ್ವಮಂಗಳಾ ಕೇಳಿದರು.

"ಅವರು ಅವಳನ್ನ ನೋಡಿದ ರೀತಿ ಕಂಡು ಒಳಗೆ ಇನ್ನೂ ಉರೀತಿದೆ, ಮೇಡಂ. ಅದು ಆರಲಿ ಅಂತ ಕಾಯ್ತಿದ್ದೀನಿ."

"ಅವರಿಗೆ ಅಷ್ಟು ಹೊತ್ತಿಲ್ಲ. ಒಂದು ಕೈ ಅವಳು ಹಿಡಿದಿದ್ದಾಳೆ. ಇನ್ನೊಂದು ಖಾಲಿ ಇದೆ."