ಅರವಟ್ಟಿಗೆಯ ಅಡಿವೆಪ್ಪ

ಹೊಳೆಯ ದಂಡೆಗೆ ಒಂದು ಮಠ. ಮಠದಲ್ಲಿ ನಿರ್ವಾಣಜ್ಜ ಎಂಬ ಗುರು. ಅವರ ಜೋಳಿಗೆ ಹೊತ್ತು ಊರೂರಿಗೆ ಭಿಕ್ಷೆಗೆ ಹೋಗುವ ಶಿಷ್ಯ ಅಡಿವೆಪ್ಪ.

ಅಡಿವೆಪ್ಪನ ನಡಿಗೆ ಅಂದರೆ ಹೇಳಿದರೆ ನಂಬುವಂಥದ್ದಲ್ಲ. ಅವನು ಊರು ದಾಟಿ ಹೋದ ಮೇಲೆ ನಾಯಿಗಳಿಗೆ ಬೊಗಳುವ ನೆನಪಾಗುತ್ತಿತ್ತು. ಅವನು ಗಿಡದ ಕೆಳಗೆ ಕೂತು ಬೆವರು ಒರೆಸಿಕೊಂಡು, ಎಲೆಯಡಿಕೆ ಹಾಕಿಕೊಂಡ ಮೇಲೆ ಅವನ ನೆರಳು ಏದುಸಿರು ಬಿಡುತ್ತ ಬಂದು ಸೇರುತ್ತಿತ್ತು. ಸುಳ್ಳೆನ್ನುವವರು ಆ ನೆರಳನ್ನೇ ಕೇಳಬಹುದು.

ಆದರೆ ಜೋಳಿಗೆ ಎಂದೂ ತುಂಬಿ ಬಂದದ್ದಿಲ್ಲ. ಜನರ ಕೈ ಬಿಗಿಯಾಗಿದೆ ಎಂದು ಅಡಿವೆಪ್ಪ ಗೊಣಗುತ್ತಿದ್ದ. ಅಜ್ಜ ಏನೂ ಅನ್ನುತ್ತಿರಲಿಲ್ಲ.

ಯುಗಾದಿ ಮುಗಿದು ಬಿಸಿಲು ಏರುತ್ತಿದ್ದ ಹೊತ್ತು. ಒಂದು ದಿನ ಅವನು ಬಸ್ಸಿನ ಜೊತೆ ಪಂದ್ಯ ಹೂಡಿದ. ಬಸ್ಸು ರಸ್ತೆ ಹಿಡಿಯಿತು, ಇವನು ಹೊಲ ಹಿಡಿದ. ಗೆದ್ದೂ ಬಿಟ್ಟ. ಗೆದ್ದ ಹುರುಪಿನಲ್ಲಿ ಕಾಲುವೆ ಹಾರಿದ. ಆಳು ಆಚೆ ದಂಡೆ ಮುಟ್ಟಿತು, ಬಲಗಾಲಿನ ಹರಡು, ಪಾದದ ಮೇಲಿನ ಕೀಲು, ಮಾತ್ರ ಮುರಿಯಿತು.

ಪಟ್ಟಣದ ದವಾಖಾನೆಯಲ್ಲಿ ಹರಡು ಕೊಯ್ದು, ಒಳಗೊಂದು ಉಕ್ಕಿನ ಪಟ್ಟಿ ಇಟ್ಟು, ನಾಲ್ಕು ಸ್ಕ್ರೂ ಬಿಗಿದು, ಮೊಣಕಾಲತನಕ ಪ್ಲಾಸ್ಟರ್ ಹಾಕಿ ಕಳಿಸಿದರು. ಮುಂಗಾರು ಹಿಡಿಯುವವರೆಗೆ ಆ ಕಾಲು ನೆಲಕ್ಕೆ ಊರಬಾರದು ಎಂದರು ಡಾಕ್ಟರು.

ಅಜ್ಜ ಜೋಳಿಗೆಯನ್ನು ಸಂಗಯ್ಯ ಎಂಬ ಇನ್ನೊಬ್ಬ ಶಿಷ್ಯನ ಹೆಗಲಿಗೆ ಹಾಕಿದರು. ಚಾಕು ಹಾಕಿದಾಗ ಅಳದ ಅಡಿವೆಪ್ಪನ ಕಣ್ಣು ಅಂದು ತುಂಬಿ ಬಂದವು. ಅವನಿಗೆ ಮಂತ್ರ ಬಾರದು, ಪದ ಹಾಡಲು ಬಾರದು. ಮಠದವರು ತನ್ನನ್ನು ಇಟ್ಟುಕೊಂಡದ್ದೇ ಈ ಎರಡು ಕಾಲಿಗಾಗಿ ಎಂದು ಅವನು ತಿಳಿದಿದ್ದ.

"ಅಜ್ಜಾರ, ಜೋಳಿಗಿ ನನಗ ಹೊಳ್ಳಿ ಬರತೈತೇನ್ರಿ?"

ಅಜ್ಜ ಒಳಗೆ ಹೋಗಿ ಒಂದು ತಾಮ್ರದ ಚರಿಗೆ ತಂದು ಅವನ ಕೈಗಿಟ್ಟರು.

ಹೊಳೆ ದಾಟುವ ದಾರಿಯಲ್ಲಿ ಬೇವಿನ ಮರದಡಿ ಮಠದವರು ಬೇಸಿಗೆಗೆಂದು ಅರವಟ್ಟಿಗೆ ಇಡುತ್ತಿದ್ದರು. ಮೇಲೆ ಗರಿಯ ಚಪ್ಪರ, ಕೆಳಗೆ ಮರಳಿನಲ್ಲಿ ಅರ್ಧ ಹೂತ ನೀರಿನ ಗಡಿಗೆಗಳು. ದಾರಿಹೋಕರು ಬೊಗಸೆ ಒಡ್ಡಬೇಕು, ಕೂತವನು ಹೊಯ್ಯಬೇಕು. ಅಷ್ಟೇ ಕೆಲಸ. ಅಡಿವೆಪ್ಪನನ್ನು ಚಕ್ಕಡಿಯಲ್ಲಿ ತಂದು ಅಲ್ಲಿ ಕೂರಿಸಿ, ಪ್ಲಾಸ್ಟರಿನ ಕಾಲನ್ನು ಮಣೆಯ ಮೇಲಿಟ್ಟು ಹೋದರು.

ಆ ವರ್ಷದ ಬಿಸಿಲೋ, ಕೇಳಬೇಡಿ. ಹೊಳೆಯ ಮೀನುಗಳೇ ದಂಡೆ ಹತ್ತಿ ಬಂದು ಅರವಟ್ಟಿಗೆಯ ಮುಂದೆ ಬಾಯಿ ತೆರೆದು ನಿಲ್ಲುತ್ತಿದ್ದವು. ಪ್ಲಾಸ್ಟರಿನೊಳಗೆ ಬೆವರಿಳಿದು ತುರಿಕೆ ಬೇರೆ. ಅಡಿವೆಪ್ಪ ಕಸಬರಿಗೆಯ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತ ದಾರಿ ನೋಡುತ್ತಿದ್ದ.

ಕಾಲು ನಿಂತಿತು, ಓಟ ಕೈಗೆ ಬಂತು. ಬೊಗಸೆ ಕೂಡುವ ಮೊದಲೇ ನೀರು ಬೀಳುತ್ತಿತ್ತು. ಅರ್ಧ ಮರಳಿಗೆ, ಅರ್ಧ ಮೂಗಿಗೆ. ಜನ ಕೆಮ್ಮುತ್ತ ಹೋಗುತ್ತಿದ್ದರು. ಸಂಜೆ ಮಠಕ್ಕೆ ಬಂದು, ಇವತ್ತು ಒಬ್ಬರನ್ನೂ ಕಾಯಿಸಲಿಲ್ಲ, ಇಡೀ ದಾರಿಯ ನೀರಡಿಕೆ ಕಳೆದೆ ಎಂದು ಹೇಳಿಕೊಳ್ಳುತ್ತಿದ್ದ.

ಒಂದು ಮಟಮಟ ಮಧ್ಯಾಹ್ನ ಅಜ್ಜ ಬರಿಗಾಲಲ್ಲಿ ಬಂದರು. ಅವನೆದುರು ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಿದರು.

ಅಡಿವೆಪ್ಪ ಹೊಯ್ದ. ನೀರು ಬೆರಳ ಸಂದಿಯಿಂದ ಮರಳಿಗೆ ಇಳಿಯಿತು. ಇನ್ನೊಂದು ಚರಿಗೆ ಹೊಯ್ದ. ಅದೂ ಇಳಿಯಿತು. ಹಾಗೇ ಒಂದು ಗಡಿಗೆ ಬರಿದಾಯಿತು.

"ಕುಡೀರಲ್ರಿ ಅಜ್ಜಾರ."

"ನೀ ಇನ್ನೂ ಕೊಟ್ಟಿಲ್ಲಲ್ಲೋ."

"ಗಡಗಿ ಪೂರಾ ಹೊಯ್ದೇನಲ್ರಿ."

"ಹೊಯ್ದಿ, ಖರೆ."

ಅಜ್ಜ ಒದ್ದೆ ಕೈಯನ್ನು ಮುಖಕ್ಕೆ ಒರೆಸಿಕೊಂಡು ಎದ್ದರು. ಒಣಗಿದ ತುಟಿಯಲ್ಲೇ ಮಠದ ಹಾದಿ ಹಿಡಿದರು.

ಅಂಥ ಬಿಸಿಲಲ್ಲಿ ಗುರು ನೀರಡಿಸಿಕೊಂಡೇ ಹೋದರಲ್ಲ ಎಂದು ಅಡಿವೆಪ್ಪ ಆ ದಿನ ರೊಟ್ಟಿ ಮುಟ್ಟಲಿಲ್ಲ.

ಮರುದಿನ ಮೊದಲು ಬಂದವನು ಒಬ್ಬ ಕುರಿಗಾರ. ಅಡಿವೆಪ್ಪ ಚರಿಗೆ ಎತ್ತಿ ಹಿಡಿದು, ಅವನ ಗಂಟಲು ನೋಡಿದ. ಗಂಟಲು ಆಡಿದಷ್ಟು ಹೊಯ್ದ, ನಿಂತಾಗ ನಿಲ್ಲಿಸಿದ. ಕುರಿಗಾರ ಕಣ್ಣು ಮುಚ್ಚಿಕೊಂಡು ಕುಡಿದ. ಕುಡಿದಾದ ಮೇಲೆ ಒಂದು ಗಳಿಗೆ ಹಾಗೇ ಕೂತ. ಒಬ್ಬ ಮನುಷ್ಯ ನೀರು ಕುಡಿಯುವುದನ್ನು ಅಡಿವೆಪ್ಪ ತನ್ನ ಜನ್ಮದಲ್ಲಿ ನೋಡಿದ್ದು ಅದೇ ಮೊದಲು.

ಆಮೇಲೆ ಬಂದವರೆಲ್ಲ ಕೂರತೊಡಗಿದರು. ಕೂತವರು ಕಾಲಿನ ಸುದ್ದಿ ಕೇಳದೆ ಬಿಡುತ್ತಾರೆಯೇ? ಅಡಿವೆಪ್ಪನಿಗೂ ಅದೇ ಬೇಕಿತ್ತು. ನಾಲ್ಕಿದ್ದ ಸ್ಕ್ರೂ ಬಸವ ಜಯಂತಿಯ ಹೊತ್ತಿಗೆ ಹದಿನಾಲ್ಕಾದವು. ಮಾವಿನ ಹಣ್ಣು ಸಂತೆಗೆ ಬರುವಾಗ ನಲವತ್ತು. ದವಾಖಾನೆಯ ಸ್ಕ್ರೂ ಸಾಲದೆ ಡಾಕ್ಟರು ತಮ್ಮ ಕುರ್ಚಿಯದನ್ನೇ ಬಿಚ್ಚಿ ಬಿಗಿದರೆಂದೂ, ಅಂದಿನಿಂದ ಪಾಪ ಅವರು ನಿಂತುಕೊಂಡೇ ರೋಗಿಗಳನ್ನು ನೋಡುತ್ತಾರೆಂದೂ ಅವನು ಹೇಳುತ್ತಿದ್ದ. ಬೇಸಿಗೆ ಅವನಿಗೆ ರುಚಿ ಹತ್ತಿತ್ತು. ಬೇವಿನ ಹೂ ತಲೆಯ ಮೇಲೆ ಉದುರುತ್ತಿತ್ತು.

ಒಂದು ದಿನ ಬಾಳವ್ವ ಎಂಬ ಹೆಣ್ಣುಮಗಳು ಬುಟ್ಟಿ ಇಳಿಸಿ ನೀರು ಕುಡಿದಳು. ಮೇಲಿನೂರಿನವಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಅವನನ್ನೇ ನೋಡಿದಳು.

"ಅಜ್ಜಾರ ಜೋಳಿಗಿ ತರಾಂವ ನೀನ ಏನಪಾ?"

ಅಡಿವೆಪ್ಪ ಎದೆಯುಬ್ಬಿಸಿ, ನನ್ನ ಗುರುತು ಐತೇನವ್ವಾ ಎಂದ.

"ಮಾರಿ ಇವತ್ತ ನೋಡಿದೆ. ಬೆನ್ನಿನ ಗುರ್ತೈತಿ."

ಅವನ ಕೂಗು ಕೇಳಿ ತಾನು ಮೊರದಲ್ಲಿ ಜೋಳ ತುಂಬಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಅವನು ಓಣಿಯ ಕೊನೆ ಮುಟ್ಟಿರುತ್ತಿದ್ದ ಎಂದು ಅವಳು ಹೇಳಿದಳು. ಮತ್ತೆ ಆ ಜೋಳ ಚೀಲಕ್ಕೆ ಸುರಿಯುವುದು. ಅವಳೊಬ್ಬಳದೇ ಅಲ್ಲ, ಇಡೀ ಓಣಿಯದು ಇದೇ ಪಾಡು.

"ನಮ್ಮತ್ತಿ ಸಾಯೂತನಕ ಅಂತಿದ್ಲು, ಈ ಅಯ್ಯ ಬೇಡಾಕ ಬರತಾನೋ, ನಮ್ಮನ್ನ ಚ್ಯಾಷ್ಟಿ ಮಾಡಾಕ ಬರತಾನೋ ಅಂತ."

ನಗುತ್ತಲೇ ಹೇಳಿ ಬುಟ್ಟಿ ಹೊತ್ತು ಹೋದಳು. ಅಂದು ಮುಂದೆ ಬಂದವರಿಗೆ ಸ್ಕ್ರೂಗಳ ಲೆಕ್ಕ ಸಿಗಲಿಲ್ಲ.

ಸಂಜೆ ಅವನು ಅಜ್ಜನ ಮುಂದೆ ಕೂತ.

"ಜನಾ ಮೊರ ಹಿಡಕೊಂಡು ನಿಂದರತಿದ್ರಂತ್ರಿ. ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ನನಗ ಯಾಕ ಹೇಳಲಿಲ್ರಿ?"

"ಹೇಳಾಕ ನೀ ನಿಂತಿದ್ದೇನು?"

ಮುಂಗಾರು ಹಿಡಿಯಿತು. ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕಾಲು ಸಿಪ್ಪೆ ಸುಲಿದ ಕಬ್ಬಿನಂತೆ ಬೆಳ್ಳಗೆ, ಸಣ್ಣಗೆ. ಕೋಲು ಹಿಡಿದು ನಡೆಯಬಹುದು, ಓಟ ಮಾತ್ರ ಮರೆತುಬಿಡು ಎಂದರು ಡಾಕ್ಟರು.

ಅರವಟ್ಟಿಗೆಯ ಗಡಿಗೆಗಳನ್ನು ತೊಳೆದು ಅಟ್ಟಕ್ಕೆ ಏರಿಸಿದರು. ಅಡಿವೆಪ್ಪ ಚರಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ ತಂದು ಅಜ್ಜನ ಮುಂದಿಟ್ಟ. ಜೋಳಿಗೆ ಗೂಟಕ್ಕೆ ತೂಗುತ್ತಿತ್ತು. ಅವನು ಅತ್ತ ನೋಡಲಿಲ್ಲ.

"ಜೋಳಿಗಿ ಸಂಗಯ್ಯನ ಕಡೆ ಇರಲ್ರಿ. ನಾ ಈಗ ಭಾಳ ಸಾವಕಾಶ ನಡೀತೇನ್ರಿ. ಮುಂದಿನ ಬ್ಯಾಸಗಿಗೂ ನೀರ ಹೊಯ್ಕೊಂತ ಕುಂದರತೇನ್ರಿ."

ಅಜ್ಜ ಎದ್ದು ಜೋಳಿಗೆ ಇಳಿಸಿ ಅವನ ಹೆಗಲಿಗೆ ಹಾಕಿದರು.

"ಹೋಗಿ ಬಾ."

ಅಡಿವೆಪ್ಪ ಮೇಲಿನೂರಿಗೆ ಹೋದ. ಬಾಳವ್ವನ ಓಣಿಯಲ್ಲಿ ಕೋಲು ಊರುತ್ತ ಮನೆಮನೆಯ ಮುಂದೆ ಕೂಗಿದ. ಕೂಗಿ, ಬಾಗಿಲು ತೆರೆಯುವವರೆಗೆ ನಿಂತ. ಬಾಗಿಲು ತೆರೆದವು. ಕಟ್ಟೆಯ ಮೇಲೆ ಕೂರಿಸಿದರು, ಮಜ್ಜಿಗೆ ಕೊಟ್ಟರು. ಒಂದೇ ಓಣಿ ಮುಗಿಯುವಷ್ಟರಲ್ಲಿ ಹೊತ್ತು ಇಳಿಯಿತು. ಜೋಳಿಗೆಯ ಭಾರಕ್ಕೆ ಹೆಗಲು ಜಗ್ಗತೊಡಗಿತು.

ಮಠಕ್ಕೆ ಬಂದವನ ಮುಖ ಹಣತೆಯಂತೆ ಬೆಳಗುತ್ತಿತ್ತು. ಜೋಳ ಅಜ್ಜನ ಮುಂದೆ ಸುರಿದ. ಇಡೀ ಓಣಿ ತನ್ನ ಸುತ್ತ ನೆರೆದಿತ್ತೆಂದ. ಯಾರೂ ಏಳಲು ಬಿಡಲಿಲ್ಲವೆಂದ. ಪ್ರತಿ ಮನೆಯಲ್ಲೂ ಕಾಲಿನ ಕಥೆಯನ್ನು ಮೊದಲಿನಿಂದ ಕೊನೆತನಕ ಹೇಳಿದೆ, ಒಬ್ಬರೂ ಬೇಸರಿಸಲಿಲ್ಲ, ನಾಳೆ ಮುಂದಿನ ಓಣಿ ಎಂದ.

ಅಜ್ಜ ಒಂದು ಹಿಡಿ ಜೋಳ ಎತ್ತಿ, ಬೆರಳ ಸಂದಿಯಲ್ಲಿ ಆಡಿಸಿ ನೋಡಿದರು.

"ಚಲೋ ಜೋಳ. ಬಾಳವ್ವ ಹೆಂಗದಾಳ?"

"ಅದನ್ನ ಕೇಳಲಿಲ್ರಿ," ಎಂದು ಅಡಿವೆಪ್ಪ ಖಾಲಿ ಜೋಳಿಗೆ ಮಡಚಿದ.

"ಮುಂದಿನ ಓಣಿ ಇರಲಿ," ಅಂದರು ಅಜ್ಜ. "ನಾಳೆನೂ ಅದ ಓಣಿಗೆ ಹೋಗು. ನಿನ್ನ ಕಾಲಿನ ಕಥಿ ಅವರು ಕೇಳ್ಯಾರ. ಅವರ ಕಥಿ ನೀ ಕೇಳಿ ಬಾ."