ಮಾನಪ್ಪ ದಂಡು ಕಟ್ಟಿದ್ದು

ನೆಪೋಲಿಯನ್ ಚಕ್ರವರ್ತಿಯ ಎಡಗಡೆ ನಿಂತು ಯುದ್ಧ ಮಾಡಿದವ ನಾನು, ತಿಳೀತೇನ್ರಿ? ತೋಪಿನ ಹೊಗೆ ಇನ್ನೂ ಮೂಗಿನಾಗ ಐತಿ! ಹಂಗ ನೋಡಬ್ಯಾಡ್ರಿ, ಸುಳ್ಳು. ನಾ ನಿಂತದ್ದು ಇನಾಮದಾರ ಮಾಸ್ತರ ಪಡಸಾಲಿ ಬಾಗಿಲದಾಗ, ಮೂಗಿನಾಗ ಇದ್ದದ್ದು ನಶ್ಯ. ಆದರೆ ಯುದ್ಧ ಆದದ್ದು ಖರೆ. ಅದಕ್ಕೆ ದಂಡು ಕಟ್ಟಿದವ ಮಾನಪ್ಪ.

ಕೊಪ್ಪಳದ ಕಡೆ ಬೊಂಬೆ ಮಾಡುವವರ ಓಣಿಯೊಂದರಲ್ಲಿ ಕಾಳಮ್ಮ ಅಂತ ಒಬ್ಬಳು. ಗಂಡ ತೀರಿಕೊಂಡಿದ್ದ, ಇದ್ದೊಬ್ಬ ಮಗ ಈ ಮಾನಪ್ಪ. ಉಳಿ ಹಿಡಿದರೆ ಕಟ್ಟಿಗೆ ಕೈ ಮುಗಿಯಬೇಕು, ಅಂಥ ಕೈ. ತಲೆ ಮಾತ್ರ ಖಾಲಿ ಗಡಿಗೆ. "ಹಾಲು ಉಕ್ಕತೈತೇನು ನೋಡೋ" ಅಂದರೆ, ಉಕ್ಕಿ ಒಲೆ ಆರುವತನಕ ನೋಡಿ, "ಉಕ್ಕತೈತವ್ವಾ!" ಅಂದವ.

ಕಾಳಮ್ಮನಿಗೆ ಒಂದೇ ಚಿಂತೆ. ಗಂಡ ಕೂತು ಕೆತ್ತುತ್ತಿದ್ದ ದೊಡ್ಡ ಮಣೆ ಖಾಲಿ ಬಿದ್ದಿತ್ತು. ಮಣೆ ಯಾರಿಗೋ ಕಾರಖಾನೆಯೂ ಅವರಿಗೇ, ಅದು ಓಣಿಯ ಪದ್ಧತಿ. ಅಪ್ಪ ತೀರಿದ ವರ್ಷದೊಳಗೆ ಮಗ ಒಂದು ಕೆಲಸವನ್ನು ತಾನೇ ಕಡೆತನಕ ಮಾಡಿ, ಮಾಡಿಸಿದವರು ನಾಲ್ಕು ಮಂದಿಯ ಮುಂದೆ "ಚಲೋ ಆತು" ಅನ್ನಬೇಕು. ಹಾಗಂದರೆ ಮಣೆ ಮಗನಿಗೆ. ಇಲ್ಲವಾದರೆ ಮೈದುನ ವೀರಭದ್ರಪ್ಪಗೆ. ಆ ಪುಣ್ಯಾತ್ಮ ದಿನಾ ಮುಂಜಾನೆ ಬಂದು ಮಣೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಹೋಗುತ್ತಿದ್ದ, ಹಣ್ಣಾಗಿದೆಯೋ ಇಲ್ಲವೋ ಅನ್ನುವಂತೆ!

ಅಂಥ ಹೊತ್ತಿನಲ್ಲಿ ಇನಾಮದಾರ ಮಾಸ್ತರು ಒಂದು ರಟ್ಟಿನ ಡಬ್ಬಿ ಹಿಡಿದು ಬಂದರು. ಮಾಸ್ತರು ಸಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಡಬ್ಬಿಯಲ್ಲಿ ನೆಪೋಲಿಯನ್ ಯುದ್ಧದ ಆಟ: ಜೇನುಗೂಡಿನಂಥ ಆರು ಮೂಲೆಯ ಮನೆಗಳ ನಕಾಶೆ, ಅದರ ಮೇಲೆ ನಡೆಸಲು ನಲವತ್ತು ರಟ್ಟಿನ ಚೀಟಿ. ಹನ್ನೊಂದು ವರ್ಷದಿಂದ ಗದಗಿನ ಹೊಂಬಾಳಿ ಡಾಕ್ಟರ ಕೂಡ ಆಡಿ, ಹನ್ನೊಂದೂ ಸಲ ಸೋತಿದ್ದರು. ಸೋಲಿಗೊಂದರಂತೆ ಡಾಕ್ಟರು ಮಾಸ್ತರ ಪಡಸಾಲೆ ಗೋಡೆಗೆ ಗೆರೆ ಎಳೆದಿದ್ದರು.

"ಕಾಳಮ್ಮಾ, ಈ ಚೀಟಿ ಸಾಕಾತು. ಖರೇ ಬೊಂಬಿ ಬೇಕು, ಮೇಜಿನ ಮ್ಯಾಲೆ ದಂಡು ನಿಲ್ಲಬೇಕು. ಮಾನಪ್ಪಾ, ಚೀಟಿಯಾಗ ಏನೈತಿ ನೋಡಿ ಕೆತ್ತೋ."

"ಹೂಂನ್ರಿ" ಅಂದ ಮಾನಪ್ಪ.

ಚೀಟಿಯಲ್ಲಿ ಏನಿತ್ತು? ಒಂದು ಚೌಕಟ್ಟು, ಮೂಲೆಯಿಂದ ಮೂಲೆಗೆ ಎರಡು ಗೆರೆ. ಕಾಲಾಳಿನ ಗುರುತು ಅದು. ಮಾನಪ್ಪ ಅದನ್ನೇ ಕೆತ್ತಿದ! ನಲವತ್ತು ಚೌಕಟ್ಟು, ನಲವತ್ತಕ್ಕೂ ಅಡ್ಡಗೆರೆ, ನುಣ್ಣಗೆ ಉಜ್ಜಿದ್ದು.

"ಏನೋ ಇವು? ಲಕೋಟಿ ಮಾಡೀಯೇನೋ? ನೆಪೋಲಿಯನ್ನಗ ಕಾಗದ ಬರೀತೀಯೇನೋ?"

"ಚೀಟಿಯಾಗ ಇದ್ದದ್ದು ಇದ ಅಲ್ಲೇನವ್ವಾ?"

"ನನ್ನ ಹಣೇಬರಾ! ಗುರುತು ಕೆತ್ತಬ್ಯಾಡ. ಗುರುತಿನ ಹಿಂದ ಎಷ್ಟು ಮಂದಿ ಅದಾರೋ ಅವರನ್ನ ಕೆತ್ತು!"

"ಹೂಂನವ್ವಾ."

ಓಡಿದ ಮಾಸ್ತರ ಮನೆಗೆ. "ಒಂದು ಚೀಟಿ ಹಿಂದ ಎಷ್ಟು ಮಂದಿ ಅದಾರ್ರಿ?" "ಆರನೂರು" ಅಂದರು ಮಾಸ್ತರು, ಪೇಪರಿನಿಂದ ತಲೆ ಎತ್ತದೆ.

ಹಿಡಿದ ನೋಡಿ ಉಳಿ! ಕುಕ್, ಕುಕ್, ಕುಕ್. ಅಂಗಳದಲ್ಲಿ ಸಿಪಾಯಿ, ಹೊಸ್ತಿಲಲ್ಲಿ ಸಿಪಾಯಿ, ಬೀಸುವ ಕಲ್ಲಿನ ಮೇಲೆ ಸಿಪಾಯಿ. ಕಾಳಮ್ಮ ತವರಿಗೆ ಹೋಗಿ ಬರುವಷ್ಟರಲ್ಲಿ ವರ್ಷಕ್ಕೆಂದು ಇಟ್ಟಿದ್ದ ಕಟ್ಟಿಗೆ ತಳ ಕಂಡಿತ್ತು.

"ಇನ್ನೂರಾ ಹದಿಮೂರು ಆತವ್ವಾ! ಇನ್ನ ಮೊದಲನೇ ಚೀಟಿನ ಮುಗದಿಲ್ಲ!"

"ಅಯ್ಯೋ ಹುಚ್ಚ ಖೋಡಿ! ಅಷ್ಟೂ ಮಂದೀನ ಕೆತ್ತತಾರೇನೋ? ನೂರಕ್ಕ ಒಂದು ಸಾಕು. ಉಳದವು ಅದಾವಂತ ತಿಳಕೋಬೇಕು!"

ಪುಣ್ಯಕ್ಕೆ, ಚೀಟಿಗೆ ಆರರಂತೆ ಇನ್ನೂರ ನಲವತ್ತು ಆದರೆ ಮುಗಿಯಿತು. ಇನ್ನಿಪ್ಪತ್ತೇಳು ಕೆತ್ತಿದ, ಕಟ್ಟಿಗೆ ಸರಿಯಾಗಿ ಅಲ್ಲಿಗೆ ಮುಗಿಯಿತು. ಕಾಳಮ್ಮನಿಗೂ ಜೀವ ಬಂತು. "ಅರ್ಧ ನೀಲಿ, ಅರ್ಧ ಕೆಂಪು. ಬಣ್ಣ ಹಚ್ಚು" ಅಂದು ನೀರಿಗೆ ಹೋದಳು.

ಬಂದು ನೋಡಿದರೆ ಒಬ್ಬ ನೀಲಿ ಸಿಪಾಯಿ, ಒಬ್ಬ ಕೆಂಪು ಸಿಪಾಯಿ. ಮತ್ತಿಬ್ಬರಿಗೆ ಬರೀ ಟೊಪ್ಪಿಗೆಗೆ ಬಣ್ಣ. ಉಳಿದವರೆಲ್ಲ ಬೋಳು.

"ಇದೇನೋ?"

"ನೂರಕ್ಕ ಒಂದು ಹಚ್ಚೇನವ್ವಾ. ಆ ಕಡೆ ಈ ಕಡೆ ಇಪ್ಪತ್ತಿಪ್ಪತ್ತು ಉಳದ್ವು ನೋಡು, ಅವಕ್ಕ ಟೊಪ್ಪಿಗಿ ಅಷ್ಟ ಸಾಕು. ಉಳದವಕ್ಕ ಹಚ್ಚೇತಂತ ತಿಳಕೋ!"

"ತಿಳಕೊಂಡೆನಪಾ, ನಿನ್ನ ಹಡದಾಗ ತಿಳಕೊಂಡೆ! ಈ ಕಡೆ ಇದ್ದದ್ದೆಲ್ಲಾ ನೀಲಿ, ಆ ಕಡೆ ಇದ್ದದ್ದೆಲ್ಲಾ ಕೆಂಪು. ಒಂದನ್ನೂ ಬಿಡಬ್ಯಾಡ!"

ಬಿಡಲಿಲ್ಲ. ಬೊಂಬೆಗಳಂತೂ ಮಿರಿಮಿರಿ ಮಿಂಚಿದವು. ಬಣ್ಣ ಉಳಿದಿತ್ತು, ಗಡಿಗೆ ಸಮೇತ ಮಾಸ್ತರ ಪಡಸಾಲೆಗೆ ಹೋದ. ಅಲ್ಲಿ ಮೇಜಿನ ಮೇಲೆ ಮಾಸ್ತರು ಮಣ್ಣಿನ ಗುಡ್ಡ, ಕನ್ನಡಿಯ ಹೊಳೆ, ಜಾಲಿ ಟೊಂಗೆಯ ಗಿಡ ಮಾಡಿಟ್ಟಿದ್ದರು. ಮಾನಪ್ಪ ದಂಡು ನಿಲ್ಲಿಸಿದ. ಆಮೇಲೆ ಅವ್ವನ ಮಾತಿನಂತೆ ಈ ಕಡೆಯದೆಲ್ಲ ನೀಲಿ; ಆ ಕಡೆಯ ಗುಡ್ಡ ಕೆಂಪು, ಗಿಡ ಕೆಂಪು, ಕುರ್ಚಿ ಕೆಂಪು. ಆ ವರ್ಷದ ಆಟಕ್ಕೆ ಬಂದಿದ್ದ ಡಾಕ್ಟರು ಆ ಕಡೆ ಕಳಚಿಟ್ಟ ಚಪ್ಪಲಿಯೂ ಕೆಂಪು!

"ಚಲೋ..." ಅನ್ನುತ್ತಾ ಬಂದ ಮಾಸ್ತರು ಬಾಯಿ ಮುಚ್ಚಿಕೊಂಡರು. ಮಣೆ ಯಾರಿಗಾಗುತ್ತದೋ ನೋಡಲು ಬಂದಿದ್ದ ವೀರಭದ್ರಪ್ಪ ಮೀಸೆಯಲ್ಲೇ ನಕ್ಕ.

ಹಿಂದೆಯೇ ಬಂದಿದ್ದ ಕಾಳಮ್ಮ ಮಗನ ಕಿವಿ ಹಿಡಿದು ಮೂಲೆಗೆ ಎಳೆದಳು. "ಇವತ್ತೊಂದ ದಿನ ಉಳದೈತಿ! ತಲಿ ಓಡಸಬ್ಯಾಡ. ನನ್ನ ಮಾತೂ ಕೇಳಬ್ಯಾಡ. ಬೊಂಬಿ ವಿಷಯದಾಗ ನಿಮ್ಮಪ್ಪ ಹೆಂಗ ಮಾಡತಿದ್ದನೋ ಹಂಗ ಮಾಡು!"

"ಹೂಂನವ್ವಾ."

ಯುದ್ಧ ಶುರುವಾಯಿತು. ನಕಾಶೆಯಲ್ಲಿ ಒಂದು ಮನೆ ಅಂದರೆ ಮೇಜಿನ ಮೇಲೆ ಒಂದು ಗೇಣು. ಆದರೆ ಯಾರ ಗೇಣು? ಮಾಸ್ತರದು ಗಿಡ್ಡ, ಡಾಕ್ಟರದು ಉದ್ದ. ಜಗಳವಾಡಿ ಕಡೆಗೆ ಮಾನಪ್ಪನ ಗೇಣೇ ಅಳತೆ ಅಂತಾಯಿತು. ಅವನೇ ಅಳೆದ, ಅವನೇ ನಡೆಸಿದ. ಕೂದಲೆಳೆ ತಪ್ಪಲಿಲ್ಲ. ಕಾಳಮ್ಮ ಸೆರಗು ಕಚ್ಚಿಕೊಂಡು ನಿಂತಿದ್ದಳು.

ದಾಳ ಉರುಳಿತು. ಏಳು ನೀಲಿ ಸತ್ತವು. "ಸತ್ತವರನ್ನ ತಗಿಯೋ" ಅಂದರು ಮಾಸ್ತರು.

ಅಪ್ಪ ಏನು ಮಾಡುತ್ತಿದ್ದ? ಮುಕ್ಕಾದ ಬೊಂಬೆಯನ್ನು ಹಳ್ಳಕ್ಕೆ ಬಿಟ್ಟು ಕೈ ಮುಗಿಯುತ್ತಿದ್ದ. ಮಾನಪ್ಪ ಏಳನ್ನೂ ಉಡಿಯಲ್ಲಿ ಕಟ್ಟಿ, ಹಿತ್ತಲ ದಾಟಿ, ಹಳ್ಳಕ್ಕೆ ಬಿಟ್ಟು, ಕೈ ಮುಗಿದು ಬಂದ. ಆಟದ ಗುಂಗಿನಲ್ಲಿ ಯಾರು ನೋಡುತ್ತಾರೆ? ಐದು ಕೆಂಪು ಸತ್ತರೆ ಹಳ್ಳಕ್ಕೆ. ಹತ್ತು ನೀಲಿ ಸತ್ತರೆ ಹಳ್ಳಕ್ಕೆ. ಸಂಜೆಯಾಗುವುದರೊಳಗೆ ಮಾಸ್ತರ ನೀಲಿ ಕಡೆ ಉಳಿದದ್ದು ಮೂರೇ ಸಿಪಾಯಿ.

"ನಾ ಸೋತೆ" ಅಂದರು ಮಾಸ್ತರು. "ಎಲ್ಲಾ ಮುಗೀತು. ಎಲ್ಲಾ ತಗಿಯೋ."

ಡಾಕ್ಟರು ಸುಣ್ಣದ ಕಡ್ಡಿ ಹಿಡಿದು, ಗೋಡೆಗೆ ಹನ್ನೆರಡನೇ ಗೆರೆ ಎಳೆಯಲು ಎದ್ದರು. ಕಡ್ಡಿ ಚೂಪು ಮಾಡಿ, ಗೆರೆಯ ಜಾಗ ಹುಡುಕಿ, ತಿರುಗಿ ನೋಡಿದರೆ ಮೇಜು ಬರಿದು!

"ನನ್ನ ದಂಡೆಲ್ಲೋ?"

"ಹಳ್ಳಕ್ಕ ಬಿಟ್ಟು ಬಂದೇನ್ರಿ. ಕೈ ಮುಗದೇನ್ರಿ."

ಎಲ್ಲರೂ ಎದ್ದುಬಿದ್ದು ಓಡಿದರು. ಹಗುರ ಕಟ್ಟಿಗೆ ನೋಡಿ, ಕೆಂಪು ನೀಲಿ ಕಲೆತು, ಬೆನ್ನ ಮೇಲೆ ತೇಲುತ್ತಾ, ದಂಡು ಹೊಳೆಯ ಕಡೆ ಹೊರಟಿತ್ತು. ಕಾಳಮ್ಮ ಅಲ್ಲೇ ಕುಸಿದಳು. "ಹೋತು! ಮಣಿ ಹೋತು!"

ಆಗ ಮಾಸ್ತರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಡಾಕ್ಟರ, ಗೆದ್ದವರ ದಂಡು ಮೈದಾನದಾಗ ನಿಂತಿರಬೇಕು. ನಿಮ್ಮವ ಒಬ್ಬನ್ನ ತೋರಸ್ರಿ, ಗೆರಿ ಎಳೀರಿ! ಹನ್ನೆರಡು ವರ್ಷಕ್ಕ ಇವತ್ತ ನಾ ಸೋತಿಲ್ಲ. ಚಲೋ ಆತೋ ಮಾನಪ್ಪಾ! ಬಾಳ ಚಲೋ ಆತು!"

ನಾಲ್ಕು ಮಂದಿಯಲ್ಲ, ಓಣಿಗೆ ಓಣಿಯೇ ಕೇಳಿತು. ವೀರಭದ್ರಪ್ಪ ಹುಳಿ ಮೋರೆ ಮಾಡಿ, "ಮಣಿ ನಿಂದಪಾ. ಏನರ ಮಾಡ್ಕೋ" ಅಂದ.

ಕಾಳಮ್ಮ ಕಣ್ಣೀರು ಒರೆಸಿಕೊಂಡಳು. "ಮಗನ, ಮಾಸ್ತರಿಗೆ ಮತ್ತ ದಂಡು ಮಾಡಿಕೊಡಬೇಕು. ಇವತ್ತ ಸುರು ಮಾಡು."

"ಕಟ್ಟಿಗಿ ಇಲ್ಲವ್ವಾ."

"ಮನಿಯಾಗ ಇದ್ದದ್ದರಾಗ ಮಾಡೋ!" ಅಂದವಳೇ ಓಣಿಗೆ ಸಕ್ಕರೆ ಹಂಚಲು ಓಡಿದಳು.

ತಿರುಗಿ ಬಂದಾಗ ಮಾನಪ್ಪ ನೆಲದ ಮೇಲೆ ಕೂತಿದ್ದ. ಮುಂದೆ ಹನ್ನೊಂದು ಹೊಸ ಸಿಪಾಯಿ. ಇಷ್ಟು ಚಂದದ ಸಿಪಾಯಿಯನ್ನು ಆ ಓಣಿ ಕಂಡಿರಲಿಲ್ಲ.

"ಮಣಿ ಎಲ್ಲೋ?"

"ಇದ ಅಲ್ಲೇನವ್ವಾ!" ಅಂದ ಸಿಪಾಯಿಗಳನ್ನು ತೋರಿಸಿ. "ಹಳೇ ಕಟ್ಟಿಗಿ, ಬಾಳ ಗಟ್ಟಿ ಇತ್ತು."

"ಇನ್ನ ನೀ ಎಲ್ಲಿ ಕುಂದರತೀಯೋ ನನ್ನ ಕರ್ಮಾ?"

"ದಂಡಿನ್ಯಾಗ ಯಾರೂ ಕುಂದ್ರಂಗಿಲ್ಲವ್ವಾ" ಅಂದ ಮಾನಪ್ಪ, ಎದ್ದು ನೆಟ್ಟಗೆ ನಿಂತ.

ನಗಬ್ಯಾಡ್ರಿ, ಇಷ್ಟೂ ನಿಜ. ಅರ್ಧ ನಿಜ. ಇರಲಿ, ಮಾತಾಡಿ ಗಂಟಲು ಒಣಗಿತು ಅಂತ ಎರಡು ಚಹಾ ಕುಡಿದೆ, ಆ ಚಹಾದಂಗಡಿ ಹುಡುಗ ರೊಕ್ಕಕ್ಕ ನನ್ನನ್ನೇ ನೋಡಾಕತ್ತಾನ. ಒಂಚೂರು ನೀವೇ ಕೊಟ್ಟುಬಿಡ್ರಿ.